ಟೇಪಿನಲ್ಲಿ ಅರ್ಧ ಲೆಕ್ಕ, ಬಸ್ಸಿನಲ್ಲಿ ನಾನು

ಒಬ್ಬನೇ ಕೆಲಸ ಮಾಡುವವನ ಬಾಳಿನಲ್ಲಿ ತಮಾಷೆಗಳು ಹೆಚ್ಚು ಅಂದರೆ ನೀವು ನಂಬಲಿಕ್ಕಿಲ್ಲ. ಜೊತೆಗೆ ನಗೋದಕ್ಕೆ ಯಾರೂ ಇಲ್ಲದ್ದರಿಂದ ಅವು ಖರ್ಚಾಗದೆ ಹಾಗೇ ಉಳಿದುಬಿಡುತ್ತವೆ.

ಎಂಬತ್ತರ ದಶಕದಲ್ಲಿ ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಆಪರೇಟರ್. ಯಂತ್ರಕ್ಕೊಂದು ತಣ್ಣನೆಯ ಕೋಣೆ. ಧೂಳು ಬರುತ್ತದೆಂದು ಬೇರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನನಗೆ ಊರು ಹೊಸದು, ಗುರುತಿನವರಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದದ್ದು ಏರ್ ಕಂಡಿಷನರ್ ಒಂದೇ. ಅದೂ ಒಂದೇ ರಾಗದಲ್ಲಿ.

ಮುಂದಿನ ತಿಂಗಳು ಯಾವ ಬಿಡಿಭಾಗ ಯಾವಾಗ ತಯಾರಾಗಬೇಕು ಎಂಬ ಲೆಕ್ಕಕ್ಕೆ ಆ ಕಂಪ್ಯೂಟರಿಗೆ ಇಡೀ ದಿನ ಬೇಕಿತ್ತು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಅದಕ್ಕೊಂದು ಉಪಾಯವಿತ್ತು. ಕರೆಂಟ್ ತೆಗೆಯುತ್ತೇವೆಂದು ವಿದ್ಯುತ್ ಕಚೇರಿಯಿಂದ ಫೋನ್ ಬಂದ ಕೂಡಲೇ ಲೆಕ್ಕವನ್ನು ಇದ್ದಲ್ಲೇ ನಿಲ್ಲಿಸಿ, ಎಲ್ಲಿಗೆ ಬಂದಿತ್ತು, ಕೈಯಲ್ಲಿ ಯಾವ ಅಂಕಿ ಇತ್ತು, ಯಂತ್ರದ ನೆನಪಿನಲ್ಲಿದ್ದದ್ದನ್ನೆಲ್ಲ ಟೇಪಿಗೆ ಇಳಿಸುವುದು. ದಾವಣಗೆರೆಯ ಹೆಡ್ಡಾಫೀಸಿನಲ್ಲಿ ಅದೇ ಮಾದರಿಯ ಇನ್ನೊಂದು ಯಂತ್ರವಿತ್ತು. ಟೇಪನ್ನು ಅದಕ್ಕೆ ಹಾಕಿದರೆ ಲೆಕ್ಕ ಬಿಟ್ಟಲ್ಲಿಂದ ಮುಂದೆ ಹೊರಡುತ್ತಿತ್ತು. ಟೇಪು ಒಯ್ಯುವ ಕೆಲಸ ನನ್ನದು, ಬಸ್ಸಿನಲ್ಲಿ.

ಕೂಸು

ಒಮ್ಮೆ ಬಸ್ಸಿನಲ್ಲಿ ಟೇಪಿನ ದುಂಡು ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ. ಒಬ್ಬ ಮೈಕ್‌ಸೆಟ್ಟಿನವನು ಬಂದು ತನ್ನ ದೊಡ್ಡ ಸ್ಪೀಕರನ್ನು ಡಬ್ಬಿಗೆ ತಾಗಿಸಿ ಇಟ್ಟ. ಸ್ಪೀಕರಿನೊಳಗೆ ಅಯಸ್ಕಾಂತ! ಟೇಪಿನಲ್ಲಿದ್ದದ್ದೆಲ್ಲ ಅಳಿಸಿಹೋದರೆ ಬೆಳಗಿನಿಂದ ಮಾಡಿದ ಕೆಲಸ ನೀರುಪಾಲು. ಡಬ್ಬಿ ಎದೆಗವಚಿಕೊಂಡು ಎದ್ದೋಡಿ ಬಾಗಿಲ ಹತ್ತಿರ ನಿಂತೆ.

ಉಕ್ಕಡಗಾತ್ರಿಯ ಗುಡಿಗೆ ಹೋಗಿ ಬರುತ್ತಿದ್ದ ಅಜ್ಜಿಯೊಬ್ಬಳು ನನ್ನನ್ನೇ ನೋಡಿದಳು. “ಏನೈತಪ್ಪ ಅದರಾಗ? ಕೂಸು ಹಿಡ್ಕಂಡಂಗೆ ಹಿಡ್ಕಂಡೀಯಲ್ಲ!”

“ಲೆಕ್ಕ ಐತಜ್ಜಿ. ಅರ್ಧ ಆಗೇತಿ.”

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಅಲ್ಲಿಂದಲೇ ಕೂಗಿದ. “ಅರ್ಧ ಆದ್ರ ಅದಕ್ಕೂ ಆಫ್ ಟಿಕೆಟ್ ತಗೋರಿ!”

ಇಡೀ ಬಸ್ಸು ನಕ್ಕಿತು. ಆ ದಿನ ನನ್ನ ಜೊತೆ ಮನುಷ್ಯರು ನಕ್ಕು ಆಡಿದ ಮಾತು ಅಷ್ಟೇ. ಇಳಿಯುವಾಗ ಸ್ವಲ್ಪ ಬೇಸರವೇ ಆಯಿತು.

ಹೊಸ ಊರು ಗೊತ್ತಾಗದ ಲೆಕ್ಕ

ದಾವಣಗೆರೆಯ ಆಪರೇಟರ್ ನನಗಿಂತ ಹಿರಿಯರು, ದಪ್ಪ ಮೀಸೆಯವರು. ಅವರದೂ ಬಾಡಿಗೆ ಕೋಣೆಯ ಒಂಟಿ ಸಂಸಾರ. ಆದರೂ ನಾನು ಹೋದರೆ “ಬಂದ್ರಾ”, ಹೊರಟರೆ “ಹೊಂಟ್ರಾ”, ಇಷ್ಟೇ ಮಾತು.

ಒಂದು ಸಲ ಟೇಪು ಹಾಕಿದೆವು. ಲೆಕ್ಕ ಬಿಟ್ಟಲ್ಲಿಂದ ಹೊರಟಿತು. ಸಂಜೆಗೆ ಕಾಗದವೂ ಅಚ್ಚಾಗಿ ಬಂತು. ಆದರೆ ಟೇಪಿನಲ್ಲಿ ಲೆಕ್ಕದ ಜೊತೆ ಅದು ಶುರುವಾದ ಹೊತ್ತು, ಊರು ಕೂಡ ಬಂದಿದ್ದವಲ್ಲ! ತಲೆಬರಹದಲ್ಲಿ “ಹರಿಹರ, ಬೆಳಿಗ್ಗೆ” ಎಂದೇ ಬಿದ್ದಿತ್ತು.

ಹೆಡ್ಡಾಫೀಸಿನ ಮ್ಯಾನೇಜರ್ ಕನ್ನಡಕ ಏರಿಸಿ ಓದಿದರು. “ಬೆಳಿಗ್ಗೇನೇ ಹರಿಹರದಾಗ ಮುಗಿದೈತಿ. ಮತ್ತ ಇಷ್ಟೊತ್ತು ನೀವಿಬ್ರು ಎಲ್ಲಿ ಮಂಡಕ್ಕಿ ಮಿರ್ಚಿ ತಿಂತಿದ್ರಿ?”

“ಸರ್, ಅದಕ್ಕ ತಾನು ದಾವಣಗೆರೆಗೆ ಬಂದದ್ದು ಗೊತ್ತಾಗಿಲ್ಲ,” ಅಂದೆ.

“ಅದಕ್ಕ ಯಾಕ್ರೀ ಗೊತ್ತಾಗ್ಬೇಕು? ಹರಿಹರದಿಂದ ಹೆಡ್ಡಾಫೀಸಿಗೆ ಬಂದು ವರ್ಷ ಆದ್ರೂ ನಮ್ಮ ಸ್ಟೋರ್ ಸಾಹೇಬ್ರಿಗೇ ಗೊತ್ತಾಗಿಲ್ಲ!”

ಮಷಿನ್ ಹುಡುಗಿ

ಹರಿಹರದಲ್ಲಿ ನನಗೆ ಕೋಣೆ ಕೊಟ್ಟಿದ್ದವರು ಒಬ್ಬ ಮುಸ್ಲಿಂ ಮುದುಕಿ. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ನಾನು ಆಗಾಗ ಡಬ್ಬಿ ಹಿಡಿದು ದಾವಣಗೆರೆ ಬಸ್ಸು ಹತ್ತುವುದು ಅವರ ಕಿವಿಗೆ ಬಿದ್ದಿತ್ತು.

“ಬೇಟಾ, ಯಾರಪ್ಪಾ ಆ ಹುಡುಗಿ?”

“ಹುಡುಗಿ ಅಲ್ಲ ಖಾಲಾ, ಮಷಿನ್. ಅಲ್ಲಿ ಮಷಿನ್ ಐತೆ.”

ಖಾಲಾರ ಮುಖ ಅರಳಿತು. “ಹೊಲಿಗೆ ಮಷಿನ್ ಐತಾ? ಹಂಗಾದ್ರ ದುಡಿಯೋ ಹುಡುಗೀನೇ. ಬಿಡಬ್ಯಾಡ!”

ಎಷ್ಟು ಹೇಳಿದರೂ ನಾಚಿಕೆಗೆ ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡರು. ನಾನೂ ಹೇಳುವುದು ಬಿಟ್ಟೆ. ನಿಜ ಹೇಳಬೇಕೆಂದರೆ, ಕೆಲಸದಿಂದ ಬಂದ ಕೂಡಲೇ “ಅವಳು ಹೆಂಗಿದಾಳೆ?” ಅಂತ ಒಬ್ಬರು ಕೇಳುವುದು ನನಗೆ ಹಿತವಾಗಿತ್ತು.

ರಂಜಾನ್ ಹಬ್ಬದ ಮಾರನೇ ದಿನ ಕಾರ್ಖಾನೆಗೆ ಹೊರಟಾಗ ಖಾಲಾ ಹಾಲು, ಶಾವಿಗೆಯ ಸುರಕುಂಬಾ ಪಾಯಸ ತುಂಬಿದ ಎರಡು ಡಬ್ಬಿ ಕೈಗಿಟ್ಟರು. “ಒಂದು ನಿನಗ, ಒಂದು ಅವಳಿಗೆ. ಮರೀಬ್ಯಾಡ.”

ಮಧ್ಯಾಹ್ನ ಫೋನ್ ಬಂತು, ಕರೆಂಟ್ ಹೋಯಿತು. ಟೇಪು, ಎರಡು ಡಬ್ಬಿ ಹೊತ್ತು ದಾವಣಗೆರೆಗೆ ಹೋದೆ. ಟೇಪು ಹಾಕಿ ಲೆಕ್ಕ ಹೊರಡಿಸಿದ ಮೇಲೆ, ಎರಡನೇ ಡಬ್ಬಿಯನ್ನು ಮೀಸೆಯವರ ಮುಂದಿಟ್ಟೆ.

“ಇದೇನ್ರಿ?” ಅಂದರು. “ಬಂದ್ರಾ”, “ಹೊಂಟ್ರಾ” ಬಿಟ್ಟರೆ ಅವರ ಬಾಯಿಂದ ಇದೇ ಮೊದಲ ಪ್ರಶ್ನೆ!

ಇದ್ದದ್ದನ್ನೆಲ್ಲ ಹೇಳಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಡಬ್ಬಿ ಎತ್ತಿಕೊಂಡು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು, ಚಮಚೆ ಚಮಚೆಯಾಗಿ, ತಳ ಕಾಣುವವರೆಗೆ ತಿಂದರು. ತಪ್ಪು ತಿಳಿದರೇನೋ ಎಂದು ನಾನು ಹೆದರಿಯೇ ನಿಂತಿದ್ದೆ.

ಅವರು ಡಬ್ಬಿ ತೊಳೆದು ತಂದು ಕೊಟ್ಟರು. ಮೀಸೆಗೆ ಹತ್ತಿದ್ದ ಹಾಲು ಒರೆಸಿಕೊಂಡು ಹೇಳಿದರು:

“ನಿಮ್ಮ ಖಾಲಾಗೆ ಹೇಳ್ರಿ, ಹುಡುಗಿ ಒಪ್ಪಿದಾಳಂತ.”