ನಮ್ಮ ಫ್ರಿಜ್ಜಿನಲ್ಲಿ ತಂಗಿದ್ದ ಮೇಕೆಯ ಹೃದಯದವರಿಗೆ

ಮಾನ್ಯ ಹೃದಯದವರೇ,

ಹೋದ ಸೋಮವಾರ ಸಂಜೆಯಿಂದ ಮಂಗಳವಾರ ಬೆಳಗಿನವರೆಗೆ ವಿಜಯನಗರದ ನಮ್ಮ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಗೂ ಪೂಜೆಯ ಹೂವಿನ ಪೊಟ್ಟಣಕ್ಕೂ ನಡುವೆ, ತಾವು ಸ್ಟೀಲ್ ಡಬ್ಬಿಯಲ್ಲಿ ಬಿಜಯಂಗೈದಿದ್ದಕ್ಕೆ ಗೃಹಿಣಿ ಗಿರಿಜಾದೇವಿಯ ಅನಂತ ಪ್ರಣಾಮಗಳು. ಮೂರು ತಲೆಮಾರಿನಿಂದ ಮೊಟ್ಟೆಗೂ ಪ್ರವೇಶವಿಲ್ಲದ ಲಿಂಗಾಯತರ ಮನೆಗೆ, ಅದೂ ಶಿವನ ವಾರದಂದು, ಮುಂಬಾಗಿಲಿನಿಂದಲೇ ಬಂದು ಒಳಗೆ ಕುಳಿತವರು ತಾವೊಬ್ಬರೇ.

ತಮ್ಮನ್ನು ಕರೆಸಿದವಳು ನನ್ನ ಮಗಳು ರಕ್ಷಾ. ಹತ್ತನೇ ತರಗತಿಯ ವಿಜ್ಞಾನದ ಅನಂತಲಕ್ಷ್ಮಿ ಮಿಸ್ ಗುಂಪಿಗೊಂದು ಮೇಕೆಯ ಹೃದಯ ತನ್ನಿ ಎಂದಾಗ, ಭಾನುವಾರ ತಪ್ಪದೆ ಮಾಂಸ ಬೇಯುವ ಮನೆಯ ಮಕ್ಕಳು ಮೂವರು ಗುಂಪಿನಲ್ಲಿದ್ದರೂ ಇವಳೇ ಕೈಯೆತ್ತಿ, "ನಾನ್ ತರ್ತೀನಿ ಮಿಸ್" ಎಂದಳಂತೆ. ಹಾಗಾಗಿ ನಾನು ಮೂಡಲಪಾಳ್ಯದ ಭೈರೇಶನ ಮಟನ್ ಅಂಗಡಿಯ ಮುಂದೆ, ಹನ್ನೆರಡು ವರ್ಷ ಸೆರಗಿನಿಂದ ಮೂಗು ಮುಚ್ಚಿ ದಾಟಿದ ಅದೇ ಜಾಗದಲ್ಲಿ, ನಿಂತೆ. "ಏನ್ ಆಂಟಿ, ದಾರಿ ತಪ್ಪುದ್ರಾ?" ಎಂದ ಆತ, ನಾನು ಒಂದು ಹೃದಯ ಬೇಕೆಂದಾಗ, "ಚಿಕ್ಕದಾಗ್ ಮಾಡ್ಲಾ?" ಎಂದು ವಿಚಾರಿಸಿದ. ಚಿಕ್ಕ ಮೇಕೆಯದು ಕೊಡಲೇ ಎನ್ನುತ್ತಿದ್ದಾನೆಂದು ತಿಳಿದು ನಾನು ತಲೆಯಾಡಿಸಿದೆ. ನಾಲ್ಕೇ ಏಟಿಗೆ ತಮಗಿಂತ ಮೊದಲಿನ ಹೃದಯದವರು ಹುರಿಯುವ ಹದಕ್ಕೆ ತುಂಡಾದರು. ಮಗಳ ಶಾಲೆಗೆ ಇಡಿಯಾಗಿ ಬೇಕಿತ್ತೆಂದೆ. "ಅಯ್ಯೋ, ಇಸ್ಕೂಲಿಗಾ? ಮೊದ್ಲೇ ಹೇಳಬಾರ್ದಾ ಆಂಟಿ!" ಎಂದು ನಕ್ಕು, ಎರಡನೆಯದಾಗಿ ತಮ್ಮನ್ನು ಇಡಿಯಾಗಿ ಕಟ್ಟಿಕೊಟ್ಟ.

ದೂರಿನ ವಿಷಯಕ್ಕೆ ಬರುತ್ತೇನೆ. ಡಬ್ಬಿ ಹೊತ್ತು ಶಾಲೆಗೆ ಹೋದ ನನಗೆ ಮಿಸ್ ಕೂರಲು ಹಿಂದಿನ ಬೆಂಚು ತೋರಿಸಿದರು. ತಾವು ಟ್ರೇಯಲ್ಲಿ ಮಲಗಿ, ಒಂದು ಮಾತೂ ಆಡದೆ, ಕೋಣೆ ನಾಲ್ಕು, ಕವಾಟ ಇಷ್ಟು, ಕವಾಟ ಹಿಡಿದ ಬಿಳಿ ದಾರ ಇದು ಎಂದು ಎಲ್ಲವನ್ನೂ ತೆರೆದು ತೋರಿಸಿದಿರಿ. ಸತ್ತ ಮೇಲೆ ಇಷ್ಟು ಧಾರಾಳವಾಗಿ ವಿವರಿಸುವ ತಮ್ಮ ಕುಲದವರು ಬದುಕಿರುವಾಗ ಮಾತ್ರ ಯಾಕೆ ಅಷ್ಟು ಸಂಕೋಚ ಪಡುತ್ತಾರೆ ಎಂಬುದೇ ನನ್ನ ದೂರು.

ನನ್ನ ಯಜಮಾನರು ಚನ್ನವೀರೇಶ್ ಅವರಿಗೆ ಹನ್ನೊಂದು ತಿಂಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಎದೆ ಉರಿಯಿತು. ಮಗಳು ಟ್ಯೂಷನ್ನಿಗೆ ಹೋಗಿದ್ದಳು. "ಗ್ಯಾಸ್ ಕಣೇ, ರಾತ್ರಿ ಆ ಬೋಂಡ ತಿನ್ನಬಾರ್ದಿತ್ತು" ಎಂದು ಅವರಂದರು, ನಾನೂ ಹೌದೆಂದೆ. ನಮ್ಮ ಮನೆಗಳಲ್ಲಿ ಎದೆಯಲ್ಲಿ ಏನಾದರೂ ಅದು ಮೊದಲು ಗ್ಯಾಸೇ. ಓಂಕಾಳಿನ ಕಷಾಯ ಕಾಯಿಸಿದೆ, ಆರಿಸಿದೆ, ಕುಡಿಸಿದೆ, ಬೆನ್ನು ನೀವಿದೆ, ತೇಗು ಬರಲೆಂದು ಕಾದೆ. ನಲವತ್ತು ನಿಮಿಷ. ಆಸ್ಪತ್ರೆಯವರು ಯಾವಾಗ ಶುರುವಾಯಿತೆಂದು ಕೇಳಿದಾಗ "ಈಗ್ತಾನೆ" ಎಂದೆ. ಆ ನಲವತ್ತು ನಿಮಿಷವನ್ನು ನನ್ನ ಡೈರಿಯಲ್ಲಿ ಬಿಟ್ಟು ಎಲ್ಲೂ ಹೇಳಿಲ್ಲ, ಮಗಳಿಗಂತೂ ಇಲ್ಲ.

ಕರೆಂಟಿನವರು ಎರಡು ಗಂಟೆ ನಿಲ್ಲಿಸುವುದಕ್ಕೂ ಹಿಂದಿನ ದಿನ ಮೆಸೇಜು ಕಳಿಸುತ್ತಾರೆ. ತಮ್ಮ ಬಂಧುಗಳು ಪೂರ್ತಿ ನಿಲ್ಲಿಸುವ ಮುಂಚೆ ಹದಿನೈದು ದಿನದ ನೋಟಿಸನ್ನು, ಸರಳ ಕನ್ನಡದಲ್ಲಿ, ಮನೆಯ ಹೆಂಗಸಿನ ಹೆಸರಿಗೆ ಕೊಡಬೇಕೆಂದು ಪ್ರಾರ್ಥನೆ. ಅದಾಗದಿದ್ದರೆ ಬೋಂಡಕ್ಕೊಂದು ನೋವು, ಸಾವಿಗೊಂದು ನೋವು ಎಂದು ಬೇರೆ ಬೇರೆ ಮಾಡಿಸಿಕೊಡಬೇಕು.

ಕೊನೆಗೆ ಮಿಸ್ ತಮ್ಮ ಮೈಮೇಲಿನ ಕೊಬ್ಬು ಸರಿಸಿ, ಇದೇ ಹೃದಯಕ್ಕೆ ರಕ್ತ ಕೊಡುವ ನಾಳ ಎಂದು ತೋರಿಸಿದರು. ನಮ್ಮವರ ಕೊರಳಲ್ಲಿದ್ದ ಶಿವದಾರದಷ್ಟೂ ದಪ್ಪವಿರಲಿಲ್ಲ. ರಕ್ಷಾ ಕೇಳಿದಳು: "ಮಿಸ್, ಇದು ಕಟ್ಕೊಂಡ್ರೆ ಎಷ್ಟೊತ್ತು ಟೈಮ್ ಇರುತ್ತೆ?" ತಮ್ಮನ್ನು ತರಲು ಇವಳೇ ಕೈಯೆತ್ತಿದ್ದು ಯಾಕೆಂದು ಆಗ ನನಗೆ ತಿಳಿಯಿತು. "ಹೇಳಕ್ಕಾಗಲ್ಲ ಪುಟ್ಟಿ. ಬೇಗ ಹೋದಷ್ಟೂ ಒಳ್ಳೇದು" ಎಂದರು ಮಿಸ್. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಡಬ್ಬಿಯ ಮುಚ್ಚಳ ಒರೆಸುತ್ತಿದ್ದೆ.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಅವರ ಹೃದಯವನ್ನು ಯಾರೂ ತೆರೆದು ನೋಡಲಿಲ್ಲ. ಅದು ಹಾಗೆಯೇ ಹೋಯಿತು. ತಮ್ಮನ್ನು ಕಸಕ್ಕೆ ಹಾಕುತ್ತೇವೆ ಎಂದ ಶಾಲೆಯವರಿಂದ ಕೇಳಿ ಪಡೆದು, ನಾವಿಬ್ಬರೂ ನಮ್ಮ ಬೀದಿಯ ಹೊಂಗೆ ಮರದ ಬುಡದ ಮಣ್ಣಲ್ಲಿ ಇಟ್ಟು, ವಿಭೂತಿಯನ್ನೂ ಹಾಕಿದ್ದೇವೆ. ಮಣ್ಣಿನೊಳಗೆ ದೂರವೆಂಬುದು ಇರಲಾರದು. ಭೇಟಿಯಾದರೆ, ಅದು ಗ್ಯಾಸ್ ಆಗಿರಲಿಲ್ಲವಂತೆ ಎಂದು ಅವರಿಗೆ ತಿಳಿಸುವ ಕೃಪೆ ಮಾಡಬೇಕು. ಕಷಾಯ ಕುಡಿಸಿದವಳೇ ಹೇಳಿ ಕಳಿಸಿದ್ದಾಳೆ ಎನ್ನಿ.

ಇಂತು, ತೆರೆದು ನೋಡಿದ ಮೇಲಷ್ಟೇ ತಿಳಿಯುವವಳಾದ,
ತಮ್ಮ ವಿಶ್ವಾಸಿ,
ಗಿರಿಜಾದೇವಿ ಚನ್ನವೀರೇಶ್

ತಾ.ಕ.: ನಿನ್ನೆ ರಕ್ಷಾ ಪ್ರಯೋಗದ ರೆಕಾರ್ಡ್ ಪುಸ್ತಕ ತಂದು ನನ್ನ ಮುಂದಿಟ್ಟು ಒಳಗೆ ಹೋದಳು. ನನ್ನ ಡೈರಿಯನ್ನು ಯಾವಾಗ ಓದಿದ್ದಳೋ, ತಮ್ಮ ಚಿತ್ರದ ಕೆಳಗೆ ಬರೆದಿದ್ದಾಳೆ: 'ಈ ನಾಳ ಕಟ್ಟಿಕೊಂಡರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮನಿಗೂ.' ಕೊನೆಯ ಪದಕ್ಕೆ ಮಿಸ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, 'ಅನಗತ್ಯ' ಎಂದು ಅರ್ಧ ಅಂಕ ಕಳೆದಿದ್ದಾರೆ. ತಾವು ಪ್ರತ್ಯಕ್ಷ ಸಾಕ್ಷಿಯಾದ್ದರಿಂದ ಶಾಲೆಗೆ ಹೇಳಿ ಆ ಅರ್ಧ ಅಂಕವನ್ನು ವಾಪಸು ಕೊಡಿಸಬೇಕು. ಹನ್ನೊಂದು ತಿಂಗಳಿಂದ ಈ ಮನೆಗೆ ಬೇಕಾಗಿದ್ದ ಪದ ಅದೊಂದೇ.