ಆಲ್ಡಿಯ ಅಪ್ರದಕ್ಷಿಣೆ

ಸೈಕಲ್ ತುಳಿದರೆ ಮನಸ್ಸು ಶಾಂತವಾಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ಅವರನ್ನು ದಯವಿಟ್ಟು ನನ್ನ ಹತ್ತಿರ ಕಳಿಸಿ. ಅವರಿಗೆ ನಾನು ಎರಡು ಮಾತು ಹೇಳುವುದಿದೆ. ಎರಡೂ ಒಳ್ಳೆಯ ಮಾತಲ್ಲ. ನಾನು ಹುಟ್ಟಾ ಮುಂಗೋಪಿ, ನಿಜ. ವಾಷಿಂಗ್ಟನ್ನಿನಲ್ಲಿ ಮೆಟ್ರೋ ಬಾಗಿಲು ನನ್ನ ಮೂಗಿನೆದುರೇ ಮುಚ್ಚಿಕೊಂಡರೆ ಆ ಸಿಟ್ಟು ಸಂಜೆಯವರೆಗೆ ಇರುತ್ತದೆ. ಡಾಕ್ಟರು ರಕ್ತದೊತ್ತಡ ನೋಡಿ, "ಏನಾದರೂ ಹವ್ಯಾಸ ಇಟ್ಟುಕೊಳ್ಳಿ" ಎಂದರು. ತೆಳು ಟೈರಿನ ಸೈಕಲೊಂದನ್ನು ಕೊಂಡೆ. ಅಲ್ಲಿಯವರೆಗೆ ಮನುಷ್ಯರ ಮೇಲೆ ಮಾತ್ರ ಬರುತ್ತಿದ್ದ ಸಿಟ್ಟು ಆಮೇಲೆ ಗಾಳಿಯ ಮೇಲೆ, ದಿಬ್ಬಗಳ ಮೇಲೆ, ಅಟ್ಟಿಸಿಕೊಂಡು ಬರುವ ನಾಯಿಗಳ ಮೇಲೆಲ್ಲ ಬರತೊಡಗಿತು. ಹವ್ಯಾಸವೆಂದರೆ ಇದೇ ಇರಬೇಕು.

ಆಲ್ಡಿ ಎಂಬ ಹಳ್ಳಿಯ ದಾರಿ ತೋರಿಸಿದವನು ನಮ್ಮ ಆಫೀಸಿನ ಒಬ್ಬ ಇಂಗ್ಲಿಷಿನವ. ಅವನ ಊರು ಇಂಗ್ಲೆಂಡಿನ ಉತ್ತರದಲ್ಲೆಲ್ಲೋ ಬೋಳು ಗುಡ್ಡಗಳ ನಡುವೆ ಇದೆಯಂತೆ. ಮರವಿಲ್ಲ, ಮಟ್ಟಿಯಿಲ್ಲ, ಬರೀ ಕುರುಚಲು, ಮಂಜು ಮತ್ತು ಗಾಳಿ. ಆ ಊರಿನ ಸುತ್ತ ಸೈಕಲ್ ತುಳಿದೇ ಅವನು ಬೆಳೆದನಂತೆ. ವರ್ಜೀನಿಯಾದಲ್ಲಿ ಆ ಊರನ್ನು ಹುಡುಕಿ ಹುಡುಕಿ ಸೋತು ಕೊನೆಗೆ ಆಲ್ಡಿಗೆ ಬಂದು, "ಇದು ಸುಮಾರಾಗಿ ಹಾಗೇ ಇದೆ" ಎಂದು ಸಮಾಧಾನ ಮಾಡಿಕೊಂಡಿದ್ದ. ಹಳೆಯ ಹಿಟ್ಟಿನ ಗಿರಣಿ, ನಾಲ್ಕಾರು ಮನೆ, ಸುತ್ತ ಹುಲ್ಲುಗಾವಲು. ಅಲ್ಲಲ್ಲಿ, "ಇಲ್ಲಿ ಸದ್ಯದಲ್ಲೇ ಸುಂದರ ಮನೆಗಳು" ಎಂಬ ಬೋರ್ಡು. ಓಕ್ ಮರ ಕಡಿದು ಬಡಾವಣೆಗೆ ಓಕ್ ಮರದ ಹೆಸರನ್ನೇ ಇಡುವ ಆ ಬೋರ್ಡುಗಳನ್ನು ಕಂಡಾಗಲೆಲ್ಲ ನಾನು ತಪ್ಪದೆ ಬೈಯುತ್ತಿದ್ದೆ. ಇಂಗ್ಲಿಷಿನವ ಎಲ್ಲಿ ತಿರುಗಬೇಕೆಂದು ಒಂದು ಹಾಳೆಯಲ್ಲಿ ಟೈಪು ಮಾಡಿಕೊಟ್ಟಿದ್ದ. ಅದರಲ್ಲಿ ದಾರಿಯುದ್ದಕ್ಕೂ 'ರೋಲಿಂಗ್ ಹಿಲ್ಸ್' ಎಂದಿತ್ತು. ಉರುಳುವುದು ಗುಡ್ಡವಲ್ಲ, ಸವಾರ ಎಂದು ಮೊದಲ ಶನಿವಾರವೇ ತಿಳಿಯಿತು.

ಆದರೂ ಆ ಸುತ್ತು ನನಗೆ ಹಿಡಿಸಿತು. ಗಿರಣಿಯ ಹತ್ತಿರ ಕಾರು ನಿಲ್ಲಿಸಿ, ಸೈಕಲ್ ಇಳಿಸಿ, ಎಡಕ್ಕೆ ತಿರುಗುವುದು. ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ. ಹತ್ತಿದ್ದು ಗೊತ್ತಾಗದ ಹಾಗೆ ಮೆಲ್ಲಗೆ ಏರುವ ದಾರಿ. ಕೊನೆಯಲ್ಲಿ ಕಡಿದಾದ ಒಂದು ಇಳಿಜಾರು, ಜುಮ್ಮೆಂದು ಮತ್ತೆ ಗಿರಣಿಯ ಬಾಗಿಲಿಗೆ. ವಾರದಲ್ಲಿ ನನಗೆ ಸಿಟ್ಟು ಬಾರದ ಹೊತ್ತೆಂದರೆ ಆ ಇಳಿಜಾರು ಒಂದೇ.

ಇದನ್ನು ನಮ್ಮವರಿಗೆ ಅರ್ಥ ಮಾಡಿಸುವುದು ಸಾಧ್ಯವಿರಲಿಲ್ಲ. ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಒಬ್ಬರು ಕೇಳಿದರು: "ಎಲ್ಲಿಗೆ ಹೋಗಿದ್ರಿ ಸೈಕಲ್‌ನಲ್ಲಿ?" ಆಲ್ಡಿಯಿಂದ ಆಲ್ಡಿಗೆ ಎಂದೆ. "ಅಲ್ಲೇನು ಕೆಲಸ?" ಏನೂ ಇಲ್ಲ ಎಂದೆ. ಅವರು ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೋಗ್ಲಿ ಬಿಡಿ, ಒಂದೊಂದು ಟೈಮು" ಎಂದರು. ಒಂದೊಂದು ಟೈಮು ಎಂದರೇನು ಎಂದು ಕೇಳಬೇಕಿತ್ತು. ಕೇಳಿದ್ದರೆ ಜಗಳವಾಗುತ್ತಿತ್ತು. ಆಗಬೇಕಿತ್ತು.

ನನ್ನ ಹೆಂಡತಿ ವಸುಧಾ ಅಷ್ಟು ನಾಜೂಕಿನವಳಲ್ಲ. ಪ್ರತಿ ಶನಿವಾರ ಟೈರು ಪಂಕ್ಚರಾಗಿಯೋ ದಾರಿ ತಪ್ಪಿಯೋ ಊಟದ ಹೊತ್ತು ಮೀರಿ ಬರುತ್ತಿದ್ದ ನನಗೆ ಒಂದು ದಿನ ಖಡಾಖಂಡಿತವಾಗಿ ಹೇಳಿದಳು: "ನೋಡಿ, ಇನ್ನೊಂದು ಶನಿವಾರ ಲೇಟಾಗಿ ಬಂದ್ರೆ ಈ ಸೈಕಲ್ ಹಳೇ ಸಾಮಾನಿನ ಜೊತೆ ಯಾರ್ಡ್ ಸೇಲ್‌ಗೆ. ಬೆಲೆ ಬರೆಯೋ ಸ್ಟಿಕ್ಕರ್ ಕೂಡ ತಂದಿಟ್ಟಿದೀನಿ." ತಂದಿಟ್ಟಿದ್ದಳು. ಹಳದಿ ಸ್ಟಿಕ್ಕರುಗಳ ಕಟ್ಟು ಅವಳ ಕಾರಿನ ಗ್ಲವ್ ಬಾಕ್ಸಿನಲ್ಲಿತ್ತು. ಅವಳು ಹೇಳಿದ್ದನ್ನು ಮಾಡುವವಳು. ನನ್ನ ಹಳೆಯ ಟೈಪ್‌ರೈಟರು ಹೋದದ್ದು ಹಾಗೆಯೇ.

ಇಂಥ ಹೊತ್ತಿನಲ್ಲಿ ಮೈಸೂರಿನಿಂದ ಅತ್ತೆಯವರು ಬಂದರು. ಅವರು ನನಗೆ ಎಂದೂ ಎದುರಾಡಿದವರಲ್ಲ. ಅದೇ ತೊಂದರೆ. ಎದುರಾಡಿದರೆ ನಾನೂ ಕೂಗಾಡಬಹುದಿತ್ತು. ಒಂದು ಶುಕ್ರವಾರ ಸಂಜೆ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಕೆಂಪು ಪೆನ್ಸಿಲಿನ ಗೆರೆಯ ಮೇಲೆ ಬೆರಳಾಡಿಸುತ್ತ ಅವರಿಗೆ ನನ್ನ ಸಾಹಸ ವಿವರಿಸುತ್ತಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಅಳಿಯಂದ್ರೇ, ಇದರ ನಡುವೆ ಏನಿದೆ?"

"ಏನೂ ಇಲ್ಲ ಅತ್ತೆ. ಹುಲ್ಲುಗಾವಲು. ಹಸುಗಳು ಮೇಯ್ತಾ ಇರ್ತವೆ."

"ಅಯ್ಯೋ, ಗೋವುಗಳನ್ನ ಎಡಕ್ಕಿಟ್ಕೊಂಡು ಸುತ್ತು ಬರ್ತಿದೀರಲ್ಲ. ಅಪ್ರದಕ್ಷಿಣೆ ಆಗಲ್ವೇ? ಅದಕ್ಕೇ ವಾರವಾರ ಟೈರು ಒಡೆಯೋದು."

"ಅವು ಅಮೆರಿಕದ ಹಸುಗಳು ಅತ್ತೆ."

"ಹಸುಗೂ ವೀಸಾ ಕೇಳ್ತೀರಾ?" ಎಂದರು ಅತ್ತೆ, ಬಹಳ ಮೃದುವಾಗಿ.

ನನ್ನ ಮಗಳು ಟಿವಿಯ ಮುಂದಿನಿಂದಲೇ, "ಅಜ್ಜಿ, ಕೌಸ್ ಡೋಂಟ್ ಕೇರ್" ಎಂದಳು. ಮನೆಯಲ್ಲಿ ನನ್ನ ಪರ ಇದ್ದದ್ದು ಅವಳೊಬ್ಬಳೇ, ಅದೂ ಇಂಗ್ಲಿಷಿನಲ್ಲಿ. ವಸುಧಾ ಅಡುಗೆಮನೆಯಿಂದ ತೀರ್ಪು ಕೊಟ್ಟಳು: "ರೀ, ಯಾವ ಕಡೆಯಿಂದ ಸುತ್ತಿದ್ರೂ ಅದೇ ರಸ್ತೆ ತಾನೇ? ಅಮ್ಮ ಹೇಳಿದ ಹಾಗೆ ಬಲಗಡೆಯಿಂದ ಹೋಗಿ. ಆದರೆ ಊಟದ ಹೊತ್ತಿಗೆ ಇಲ್ಲಿರಬೇಕು."

ಅದೇ ರಸ್ತೆಯಂತೆ! ಸೈಕಲ್ ತುಳಿಯದವರು ಮಾತ್ರ ಆಡಬಹುದಾದ ಮಾತು ಅದು. ಮರುದಿನ ಗಿರಣಿಯಿಂದ ಬಲಕ್ಕೆ ತಿರುಗಿದೆ. ವಾರವೆಲ್ಲ ನಾನು ಕಾಯುತ್ತಿದ್ದ ಇಳಿಜಾರು ಗೋಡೆಯ ಹಾಗೆ ಎದ್ದು ನಿಂತಿತ್ತು. ಅರ್ಧಕ್ಕೇ ಇಳಿದು ಸೈಕಲ್ ತಳ್ಳಿದೆ. ಇಷ್ಟು ದಿನ ಬೆನ್ನು ತಟ್ಟುತ್ತಿದ್ದ ಗಾಳಿ ಈಗ ಮುಖಕ್ಕೆ ಹೊಡೆಯಿತು. ಇಂಗ್ಲಿಷಿನವನ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಎಡ ಎಂದಲ್ಲಿ ಬಲ ಎಂದುಕೊಳ್ಳಬೇಕು. ಅದನ್ನೂ ಮಾಡಿದೆ. ಆದರೆ ಎರಡು ರಸ್ತೆ ಬಂದು ಒಂದಾಗುವ ಜಾಗವೊಂದಿದೆ. ಆ ಕಡೆಯಿಂದ ಬರುವವನಿಗೆ ಅಲ್ಲಿ ಯೋಚಿಸುವುದೇನೂ ಇಲ್ಲ, ಆದ್ದರಿಂದ ಹಾಳೆಯಲ್ಲೂ ಏನೂ ಇಲ್ಲ. ಈ ಕಡೆಯಿಂದ ಹೋಗುವವನಿಗೆ ಅದು ಕವಲು. ನಮ್ಮೂರಾಗಿದ್ದರೆ ಬೀಡಿ ಅಂಗಡಿಯವನನ್ನು ಕೇಳಬಹುದಿತ್ತು. ಇಲ್ಲಿ ಕೇಳಲು ಹಸುಗಳಿದ್ದವು. ಅವುಗಳಿಗಾಗಿಯೇ ಇಷ್ಟೆಲ್ಲ ಆಗಿತ್ತು, ಅವು ತಲೆ ಎತ್ತಿ ನೋಡಲೂ ಇಲ್ಲ. ಒಂದು ದಾರಿ ಹಿಡಿದೆ. ಟಾರು ಮುಗಿದು ಜಲ್ಲಿ ಬಂತು. ಜಲ್ಲಿಯ ಮೇಲೆ ಹಿಂದಿನ ಟೈರು ಢಂ ಎಂದಿತು. ಇದ್ದ ಒಂದು ಹೊಸ ಟ್ಯೂಬು ಹಾಕಿದೆ. ಅದೂ ಸೀಳಿತು.

ತೋಟದ ಮನೆಯೊಂದರ ಮುದುಕಿ ಫೋನು ಮಾಡಲು ಬಿಟ್ಟಳು. ಗಡಿಯಾರದಲ್ಲಿ ಊಟದ ಹೊತ್ತು ಕಳೆದುಹೋಗಿತ್ತು. ನನ್ನ ಕಣ್ಣ ಮುಂದೆ ಆ ಹಳದಿ ಸ್ಟಿಕ್ಕರು ಕುಣಿಯುತ್ತಿತ್ತು. ಫೋನೆತ್ತಿದ್ದು ಅತ್ತೆ.

"ಅತ್ತೆ, ನಾನು. ದಾರಿ ತಪ್ಪಿದೆ, ಟೈರು ಹೋಯ್ತು."

"ಅಯ್ಯೋ ದೇವರೇ. ಸುತ್ತು ಪೂರ್ತಿ ಆಯ್ತಾ?"

ನಾನು ಬಿದ್ದೆನೋ, ಎದ್ದೆನೋ, ಕೈಕಾಲು ನೆಟ್ಟಗಿದೆಯೋ ಎಂದು ಕೇಳಲಿಲ್ಲ. ಸುತ್ತು ಪೂರ್ತಿ ಆಯಿತೇ ಅಂತೆ. ಆ ಮುದುಕಿ ಎದುರಿಗಿಲ್ಲದಿದ್ದರೆ ಫೋನನ್ನು ಕುಕ್ಕುತ್ತಿದ್ದೆ.

ವಸುಧಾ ತನ್ನ ಕಾರು ತಂದಳು. ಇಳಿದು, ಗ್ಲವ್ ಬಾಕ್ಸ್ ತೆಗೆದು, ರಸ್ತೆಯ ಬದಿಯಲ್ಲೇ ಸೈಕಲ್ಲಿಗೆ ಸ್ಟಿಕ್ಕರು ಅಂಟಿಸಿದಳು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆ ಕ್ಷಣ ಸಿಟ್ಟು ಕೂಡ ಬರಲಿಲ್ಲ, ಅಳು ಬಂತು. ಆಗ ಹಿಂದಿನ ಸೀಟಿನಿಂದ ಅತ್ತೆ ಇಳಿದರು. ರೇಷ್ಮೆ ಸೀರೆ, ಕಾಲಿಗೆ ಸ್ನೀಕರ್ಸ್. ಬೇಲಿಯ ಹತ್ತಿರ ಹೋಗಿ ಹಸುಗಳಿಗೆ ಕೈಮುಗಿದು ಬಂದು ಮಗಳಿಗೆ ಹೇಳಿದರು:

"ವಸು, ಅದನ್ನ ಕಿತ್ತುಹಾಕು. ಸೈಕಲ್ ಮಾರೋ ಹಾಗಿಲ್ಲ. ಫೋನ್ ಬಂದಾಗ ನಾನು ಹರಕೆ ಹೊತ್ತಿದೀನಿ. ಅಳಿಯಂದ್ರು ಕ್ಷೇಮವಾಗಿ ಸಿಕ್ಕಿದ್ರೆ ಇದೇ ಸೈಕಲ್ ಮೇಲೆ ಇಪ್ಪತ್ತೊಂದು ಪ್ರದಕ್ಷಿಣೆ ಮಾಡಿಸ್ತೀನಿ ಅಂತ."

"ಯಾರ ಕೈಲಿ?" ಎಂದೆ.

"ನಿಮ್ಮ ಕೈಲೇ."

ಹರಕೆ ಅವರದು, ಕಾಲು ನನ್ನದು. ವಸುಧಾ ತಾಯಿಯ ಮುಖವನ್ನೂ ಸೈಕಲ್ಲನ್ನೂ ನೋಡಿ, ಹಲ್ಲು ಕಚ್ಚಿಕೊಂಡು ಸ್ಟಿಕ್ಕರು ಕಿತ್ತಳು. ಬಣ್ಣವೂ ಸ್ವಲ್ಪ ಕಿತ್ತು ಬಂತು.

ಸೈಕಲ್ ಉಳಿಯಿತಲ್ಲ, ಇನ್ನೇಕೆ ಸಿಟ್ಟು ಎಂದು ನೀವು ಕೇಳಬಹುದು. ಹರಕೆಯ ಕುರಿಯನ್ನು ಕೇಳಿ ನೋಡಿ. ಇಷ್ಟಪಟ್ಟು ಮಾಡುತ್ತಿದ್ದುದು ವ್ರತವಾಯಿತು. ಶನಿವಾರ ಮಳೆ ಬಂದರೂ ಹೋಗಬೇಕು. ಬರಿಹೊಟ್ಟೆಯಲ್ಲಿ ಹೋಗಬೇಕು. ನಡುವೆ ಕಾಫಿಗೆ ನಿಂತರೆ ಸುತ್ತು ಮುಕ್ಕಾಗುತ್ತದೆ. ಪಂಚೆ ಉಟ್ಟರೆ ಒಳ್ಳೆಯದಿತ್ತು ಎಂದರು. ಚೈನಿಗೆ ಸಿಕ್ಕಿಕೊಳ್ಳುತ್ತದೆ ಎಂದು ಬೇಡಿಕೊಂಡ ಮೇಲೆ ನನ್ನ ಬಿಗಿಚಡ್ಡಿಯನ್ನು ತಾವೇ ಒಗೆದು, ಯಾರೂ ಮುಟ್ಟದ ಹಾಗೆ ಬೇರೆಯಾಗಿ ಒಣಗಿಸಿದರು. ಅಮೆರಿಕದಲ್ಲಿ ಮಡಿ ಚಡ್ಡಿ ತೊಟ್ಟು ಸೈಕಲ್ ತುಳಿದವನು ನಾನೊಬ್ಬನೇ ಇರಬೇಕು. ಗಿರಣಿಯ ಹತ್ತಿರ ಕಾರಿನಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಅವರು ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತ ಬಂದರೆ, "ಆಯ್ತಲ್ಲ, ಒಂದು ಇಳೀತು" ಎನ್ನುತ್ತಿದ್ದರು. ಅಷ್ಟರಲ್ಲಿ ಇಂಗ್ಲಿಷಿನವ ಒಂದು ಬಾರಿ ನನ್ನ ಜೊತೆ ಬಂದು, "ಅಮೆರಿಕದಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗುವುದರಿಂದ ಬಲಕ್ಕೆ ತಿರುಗಿದರೆ ಎದುರು ಬರುವ ವಾಹನ ದಾಟುವ ತಾಪತ್ರಯವೇ ಇಲ್ಲವಲ್ಲ, ಬಲಗಡೆಯಿಂದ ಹೋಗುವುದೇ ಸರಿ" ಎಂದು ತನ್ನ ಹಾಳೆಯನ್ನೇ ತಿದ್ದಿಕೊಂಡ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ನನ್ನ ಕರ್ಮಕ್ಕೆ ಎರಡೂ ಏರಿಗೇ ಎಳೆದವು.

ಅತ್ತೆಯವರು ಮೈಸೂರಿಗೆ ಹಿಂದಿರುಗಿದಾಗ ಇನ್ನೂ ಕೆಲವು ಸುತ್ತು ಬಾಕಿಯಿದ್ದವು. ಫೋನಿನಲ್ಲಿ ವಿಚಾರಿಸಿ ವಿಚಾರಿಸಿ ಅವನ್ನೂ ಮಾಡಿಸಿ ಮುಗಿಸಿದರು. ಅದರ ಮುಂದಿನ ಶನಿವಾರ ಹೊಟ್ಟೆ ತುಂಬ ದೋಸೆ ತಿಂದು, ಮಡಿಯಿಲ್ಲದ ಚಡ್ಡಿ ತೊಟ್ಟು, ಸ್ವತಂತ್ರ ಮನುಷ್ಯನಾಗಿ ಗಿರಣಿಯ ಮುಂದೆ ನಿಂತೆ. ಎಡಕ್ಕೆ ನನ್ನ ಹಳೆಯ ಸಲೀಸು ದಾರಿ, ಕೊನೆಯಲ್ಲಿ ಆ ಇಳಿಜಾರು. ಬಲಕ್ಕೆ ಗೋಡೆಯಂಥ ಏರು. ಅತ್ತೆಯವರು ಏಳು ಸಮುದ್ರದಾಚೆ ಇದ್ದರು. ಸುತ್ತಮುತ್ತ ನೋಡಿದೆ. ಯಾರೂ ಇರಲಿಲ್ಲ. ಬೇಲಿಯ ಆಚೆ ಒಂದು ಹಸು ಮಾತ್ರ ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಅದನ್ನೂ, ಅತ್ತೆಯವರನ್ನೂ, ಇಂಗ್ಲಿಷಿನವನನ್ನೂ ಬಾಯಿಗೆ ಬಂದ ಹಾಗೆ ಬೈದು, ಬಲಕ್ಕೆ ತಿರುಗಿದೆ.