ಹೆಲ್ಗಮ್ಮನ ತಗಡಿನ ಡಬ್ಬಿ

ಜರ್ಮನಿಯಲ್ಲಿ ನಿಜವಾಗಿ ನಡೆದದ್ದು ಇಷ್ಟೇ: ಮೇಳದಲ್ಲಿ ಮುದ್ದೆ ಮಾಡಿ ತೋರಿಸಲು ಹೊತ್ತುಕೊಂಡು ಹೋಗಿದ್ದ ರಾಗಿ ಹಿಟ್ಟನ್ನು ನಾನು ಪಕ್ಕದ ಮನೆಯ ಮುದುಕಿಗೆ ಕೊಟ್ಟು ಖಾಲಿ ಮಾಡಿದೆ. ಉಳಿದದ್ದೆಲ್ಲ ಆಮೇಲೆ ಸೇರಿಸಿಕೊಂಡ ಮಾತು. ಹಾಸನದಲ್ಲಿ ನಮ್ಮ ಸಂಘದವರು ನನಗೆ ಶಾಲು ಹೊದಿಸಿ, ಭಾಷೆ ಬಾರದಿದ್ದರೂ ಈ ತಾಯಿ ಎರಡು ದೇಶಗಳ ನಡುವೆ ಸೇತುವೆ ಕಟ್ಟಿ ಬಂದರು ಎಂದು ಮೈಕಿನಲ್ಲಿ ಹೇಳಿದರು. ನಾನು ಸೇತುವೆಯನ್ನೂ ಕಟ್ಟಲಿಲ್ಲ, ಮೋರಿಯನ್ನೂ ಕಟ್ಟಲಿಲ್ಲ. ಹಟಕ್ಕೆ ಬಿದ್ದೆ, ಅಷ್ಟೇ. ಶಾಲು ಮಾತ್ರ ಚೆನ್ನಾಗಿದೆ, ಬೆಳಗಿನ ಚಳಿಗೆ ಆಗುತ್ತದೆ.

ನನ್ನಂಥವಳನ್ನು ವಿದೇಶಕ್ಕೆ ಯಾರು ಕಳಿಸುತ್ತಾರೆ ಎಂದು ನೀವು ಕೇಳಬಹುದು. ಹಳೇಕೋಟೆಯಲ್ಲಿ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಎಮ್ಮೆ ಹಿಂದೆ ಹೋದವಳು ನಾನು. ಹಾಸನದಲ್ಲಿ ನಮ್ಮ ಹೆಂಗಸರ ಸಂಘವೊಂದು ರಾಗಿ ಹಿಟ್ಟು ಮಾರುತ್ತದೆ. ಅದರ ಲೆಕ್ಕ, ಪತ್ರ, ಓಡಾಟ ಎಲ್ಲ ನೋಡಿಕೊಳ್ಳುವುದು ಚನ್ನರಾಯಪಟ್ಟಣದ ಹುಡುಗಿ ಭವ್ಯ. ಜರ್ಮನಿಯಲ್ಲೊಂದು ಸಿರಿಧಾನ್ಯದ ಮೇಳ, ಅಲ್ಲಿ ರಾಗಿ ಅಡುಗೆ ಮಾಡಿ ತೋರಿಸಬೇಕು ಎಂದಾಗ ಸಂಘದ ದೊಡ್ಡವರು ಬಿಳಿ ಟೋಪಿ ಹಾಕುವ ಹೋಟೆಲಿನ ಅಡುಗೆಯವರನ್ನು ಕಳಿಸೋಣ ಎಂದರಂತೆ. ಭವ್ಯ ಜಗಳವಾಡಿ ನನ್ನನ್ನೂ ಅರಕಲಗೂಡು ಕಡೆಯ ಜಯಮ್ಮನನ್ನೂ ಹೊರಡಿಸಿ, ತಾನೂ ಜೊತೆಗೆ ಬಂದಳು. ಜಯಮ್ಮ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಪೊಲೀಸಿನವನು ನಮ್ಮ ಚೀಲದಿಂದ ಮುದ್ದೆ ಕೋಲು ಎಳೆದು, "ಇದೇನಮ್ಮಾ, ಯಾರಿಗಾದ್ರೂ ಹೊಡೆಯೋಕಾ?" ಎಂದ. ಭವ್ಯ ಬಾಯಿ ತೆರೆಯುವ ಮೊದಲೇ ಜಯಮ್ಮ, "ಅದ್ಕೂ ಆಯ್ತದೆ ಕಣಪ್ಪ," ಎಂದುಬಿಟ್ಟಳು. ಅರ್ಧ ಗಂಟೆ ಅಲ್ಲೇ ನಿಂತೆವು.

ಆ ಊರಿನ ಊಟದ ವಿಷಯ ಹೇಳಿಬಿಡುತ್ತೇನೆ. ಬೆಳಗ್ಗೆ ಬ್ರೆಡ್ಡು, ರಾತ್ರಿಗೂ ಬ್ರೆಡ್ಡು. ನಮ್ಮ ಬೇಕರಿಯ ಮೆತ್ತನೆಯ ಬ್ರೆಡ್ಡಲ್ಲ. ಕೆಳಗೆ ಬಿದ್ದರೆ ಸದ್ದು ಬರುವಂಥದ್ದು. ಸಂಜೆ ಅದನ್ನು ಕೊಯ್ದು, ಮೇಲೆ ತಣ್ಣಗಿನದ್ದು ಏನೋ ಒಂದು ಇಟ್ಟುಕೊಂಡು ತಿಂದು ಏಳುತ್ತಾರೆ. "ಇವ್ರ ಮನೇಲಿ ಸಂಜೆಗೆ ಒಲೆ ಅಚ್ಚದೇ ಇಲ್ವೇನಕ್ಕ?" ಎಂದು ಜಯಮ್ಮ ಮರುಗಿದಳು. ಹೋಟೆಲಿನಲ್ಲಿ ನೀರು ಕೇಳಿದರೆ ಸೋಡಾ ಕೊಟ್ಟರು. ಪಕ್ಕದ ಮೇಜಿನ ಕೆಳಗೆ ಒಂದು ನಾಯಿ ಮಲಗಿತ್ತು, ಅದಕ್ಕೆ ಮಾತ್ರ ಬಟ್ಟಲಿನಲ್ಲಿ ಒಳ್ಳೆಯ ನೀರು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು, ಆಲೂಗಡ್ಡೆಗೆ ಅವರು ಕೊಡುವ ಮರ್ಯಾದೆ ನಾವು ಕೊಡುವುದಿಲ್ಲ. ಹಾಸನದ ಸೀಮೆಯಲ್ಲಿ ಹುಟ್ಟಿ, ಆಲೂಗಡ್ಡೆ ಹೊಲದಲ್ಲಿ ಬೆನ್ನು ಬಗ್ಗಿಸಿ ಬೆಳೆದವಳು ನಾನು. ನಮ್ಮಲ್ಲಿ ಅದು ಪಲ್ಯಕ್ಕೋ ಸಾಗುವಿಗೋ ಸೇರಿ ಮೂಲೆಯಲ್ಲಿರುತ್ತದೆ. ಅಲ್ಲಿ ಬೇಯಿಸಿ, ಬೆಣ್ಣೆ ಹಾಕಿ, ತಟ್ಟೆಯ ಮಧ್ಯೆ ಯಜಮಾನನ ಹಾಗೆ ಕೂರಿಸುತ್ತಾರೆ. ಖಾರ ಇಲ್ಲ ಎನ್ನುವುದೊಂದು ಬಿಟ್ಟರೆ ದೂರು ಇಲ್ಲ.

ನಡವಳಿಕೆಯೂ ಒಂಥರಾ. ರಸ್ತೆಯಲ್ಲಿ ಒಂದು ಸೈಕಲ್ಲೂ ಬರುತ್ತಿರುವುದಿಲ್ಲ, ಆದರೂ ಕೆಂಪು ದೀಪ ಇದೆ ಎಂದು ಹತ್ತು ಜನ ನಿಂತಿರುತ್ತಾರೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಹಾಗೆ ದಾರಿ ಕಾಯುತ್ತಾ ನಿಂತರೆ ಮೊಮ್ಮಕ್ಕಳ ಮದುವೆಗೂ ಆಚೆ ದಡ ಸೇರುವುದಿಲ್ಲ. ಜಯಮ್ಮ ಸೆರಗು ಸಿಕ್ಕಿಸಿಕೊಂಡು ದಾಟಿಬಿಟ್ಟಳು. ಒಬ್ಬ ಮುದುಕ ಅಷ್ಟು ದೂರದಿಂದ ಬೈದ. ಅವಳು ತಿರುಗಿ ನಿಂತು ಅರಕಲಗೂಡಿನ ಮಾತಿನಲ್ಲಿ ಬೈದಳು. ಇಬ್ಬರಿಗೂ ಅರ್ಥವಾಯಿತು.

ಈಗ ಡಬ್ಬಿಯ ವಿಷಯ. ಮೇಳದವರು ನಮಗೆ ಅಡುಗೆಮನೆ ಇರುವ ಸಣ್ಣ ಮನೆಯೊಂದನ್ನು ಕೊಟ್ಟಿದ್ದರು. ಮೊಣಕಾಲೆತ್ತರದ ಗೋಡೆಯ ಆಚೆ ಹೆಲ್ಗಾ ಎನ್ನುವ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ನಾವು ಹೋದ ಸಂಜೆಯೇ ಹೂವಿನ ಚಿತ್ರದ ತಗಡಿನ ಡಬ್ಬಿಯಲ್ಲಿ ಕೇಕು ತಂದುಕೊಟ್ಟು, ನಕ್ಕು, ಹೋದಳು. ನಮ್ಮ ಕಡೆ ಯಾರಾದರೂ ಪಾತ್ರೆಯಲ್ಲಿ ಏನಾದರೂ ಕೊಟ್ಟರೆ ಅದನ್ನು ಖಾಲಿ ವಾಪಸ್ ಕಳಿಸುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ಪಕ್ಕದ ಮನೆಯ ತಟ್ಟೆಯನ್ನು ನಾನು ತೊಳೆದು ಹಾಗೇ ಕೊಟ್ಟು ಬಂದಾಗ ನಮ್ಮತ್ತೆ, "ಏನೂ ಇಲ್ದಿದ್ರೆ ನಾಕೆಸ್ಳು ಕರಿಬೇವಾದ್ರೂ ಇಲ್ವೇನೇ ನಮ್ಮನೇಲಿ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದ್ದರು. ಜರ್ಮನಿಯಲ್ಲಿ ಕರಿಬೇವು ಎಲ್ಲಿ ತರಲಿ? ಇದ್ದದ್ದು ರಾಗಿ ಹಿಟ್ಟು. ಡಬ್ಬಿ ತೊಳೆದು, ಒರೆಸಿ, ಕಂಠಮಟ್ಟ ರಾಗಿ ಹಿಟ್ಟು ತುಂಬಿ ಕೊಟ್ಟು ಬಂದೆ. ಮರ್ಯಾದೆ ಉಳಿಯಿತು ಎಂದುಕೊಂಡೆ.

ಮಾರನೆಯ ಸಂಜೆ ಅದೇ ಡಬ್ಬಿ, ಮತ್ತೊಂದು ಕೇಕು.

"ಅಕ್ಕಾ, ಈಯಮ್ಮ ಬಿಡಾಂಗಿಲ್ಲ ಕಣಕ್ಕ," ಎಂದಳು ಜಯಮ್ಮ.

"ನಾನೇನ್ ಬಿಟ್ಟೇನಾ?" ಎಂದು ಮತ್ತೆ ಡಬ್ಬಿ ತುಂಬಿದೆ. ಈ ಸಲ ಅದುಮಿ ತುಂಬಿದೆ.

ಹೀಗೆ ನಡೆಯಿತು. ಹಗಲು ಮೇಳದಲ್ಲಿ ಹಿಡಿಯಷ್ಟು ಹಿಡಿಯಷ್ಟು ಹಿಟ್ಟಿನಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿ ಕೊಡುವುದು, ಸಂಜೆ ಮನೆಗೆ ಬಂದು ಡಬ್ಬಿಗಟ್ಟಲೆ ಗೋಡೆಯ ಆಚೆ ಸುರಿಯುವುದು. ಅಲ್ಲಿಂದ ಬರುವ ಕೇಕು ದಿನದಿನಕ್ಕೂ ಕಪ್ಪಗಾಗುತ್ತಾ ಬಂತು. "ಉರಿ ಜಾಸ್ತಿ ಮಾಡ್ಕತಾಳೆ, ಸೀದೋಯ್ತಾ ಅದೆ. ವಯಸ್ಸಾಯ್ತು ಪಾಪ," ಎಂದು ನಾನು ಕನಿಕರಪಟ್ಟೆ. ಆದರೆ ರುಚಿ ದಿನದಿನಕ್ಕೂ ಹಿಡಿಸತೊಡಗಿತು. ನಾಲಿಗೆಗೆ ಯಾವುದೋ ಗುರುತಿನ ರುಚಿ. ಹೊರದೇಶದ ಊಟ ನನಗೆ ಒಗ್ಗುತ್ತಿದೆ ಎಂದು ಊರಿಗೆ ಫೋನಿನಲ್ಲಿ ಜಂಬ ಕೊಚ್ಚಿಕೊಂಡೆ.

ಮೇಳದ ಕೊನೆಯ ದಿನ ಒಬ್ಬ ಅಂಗಡಿ ಸಾಹುಕಾರ ಬರುವವನಿದ್ದ. ಆ ದೇಶದಲ್ಲಿ ಅವನದು ಸುಮಾರು ಅಂಗಡಿಗಳಂತೆ. ಮುದ್ದೆ ತಿಂದು ನೋಡಿ, ನಮ್ಮ ಹಿಟ್ಟು ತರಿಸಬೇಕೋ ಬೇಡವೋ ಎಂದು ಅವನು ಹೇಳಬೇಕು. ಬೇಡ ಎಂದರೆ ಹಾಸನದ ನಮ್ಮ ಶೆಡ್ಡಿನಲ್ಲಿ ರಾಗಿ ಕೇರುವ ಹೆಂಗಸರಿಗೆ ಮುಂದಿನ ತಿಂಗಳಿಂದ ಕೆಲಸವಿಲ್ಲ. ಇದನ್ನು ಭವ್ಯ ಬಂದ ದಿನದಿಂದ ಹೇಳುತ್ತಲೇ ಇದ್ದಳು. ಹಿಂದಿನ ದಿನ ಸಂಜೆ, ಇನ್ನೂ ಚೆನ್ನಾಗಿ ಬಿಸಿಲಿರುವಾಗ, ನಾಳೆಗೆ ಹಿಟ್ಟು ಜರಡಿ ಹಿಡಿಯೋಣ ಎಂದು ಅವಳು ಚೀಲ ಎತ್ತಿದಳು. ಚೀಲ ಎತ್ತಿದ ಕೈ ಸೀದಾ ಮೇಲಕ್ಕೆ ಹೋಯಿತು.

"ಅಜ್ಜಿ, ಹಿಟ್ಟೆಲ್ಲಿ?"

ನಾನು ಗೋಡೆಯ ಕಡೆ ನೋಡಿದೆ. ಜಯಮ್ಮ ನನ್ನ ಕಡೆ ನೋಡಿದಳು. ಮಾರುವ ಪೊಟ್ಟಣಗಳೆಲ್ಲ ಆಗಲೇ ಖರ್ಚಾಗಿದ್ದವು. ಭವ್ಯ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಖಾಲಿ ಚೀಲವನ್ನು ನೀಟಾಗಿ ಮಡಿಸುತ್ತಾ ಕುರ್ಚಿಯ ಮೇಲೆ ಕೂತುಬಿಟ್ಟಳು. "ಹೋಟೆಲಿನವರನ್ನೇ ಕರ್ಕೊಂಡು ಬರಬೇಕಿತ್ತು ಅಂತಾರೆ ಅಜ್ಜಿ," ಎಂದಳು, ಅಷ್ಟೇ.

ಕೊಟ್ಟದ್ದನ್ನು ವಾಪಸ್ ಕೇಳುವುದು ನಮ್ಮ ವಂಶದಲ್ಲೇ ಇಲ್ಲ. ಆದರೂ ಎದ್ದೆ. ಜಯಮ್ಮ ಹಿಂದಿನಿಂದ, "ಓಗಕ್ಕ, ಓಗು. ಮಾನ ಓದ್ರೆ ಈ ಊರಲ್ಲೇ ಓಯ್ತದೆ, ನಮ್ಮೂರಿಗೆ ಗೊತ್ತಾಗಕಿಲ್ಲ," ಎಂದು ಧೈರ್ಯ ತುಂಬಿದಳು. ಗೋಡೆ ದಾಟಿದೆ. ಕೈಸನ್ನೆ ಮಾಡಿ, ಕೊಡು ಎಂದೆ. ಹೆಲ್ಗಮ್ಮನಿಗೆ ಸಂತೋಷವಾಗಿ ಕೇಕು ತಂದಳು. ಕೇಕು ಬೇಡ, ಹಿಟ್ಟು ಎಂದು ಬೆರಳಿನಿಂದ ಉಜ್ಜಿ ತೋರಿಸಿದೆ. ಅವಳು ಕೇಕನ್ನೇ ತೋರಿಸಿ ತಲೆಯಾಡಿಸಿದಳು. ಕೊನೆಗೆ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ, ರಾಗಿ ಹಿಟ್ಟಿನ ಜಾಡಿ, ಕಲಸುವ ಬೋಗುಣಿ, ಬೇಯಿಸುವ ತಟ್ಟೆ ಎಲ್ಲ ಒಂದೊಂದಾಗಿ ತೋರಿಸಿದಳು. ಆಗ ಹೊಳೆಯಿತು. ಇಷ್ಟು ದಿನ ನಾನು ಚಪ್ಪರಿಸಿದ ಹೊರದೇಶದ ಊಟ ನಮ್ಮದೇ ಹೊಲದ ರಾಗಿ.

ಜಾಡಿ ಖಾಲಿ. ಬೋಗುಣಿಯಲ್ಲಿ ಮಾತ್ರ ಹಿಟ್ಟಿತ್ತು, ಮರುದಿನದ ಕೇಕಿಗೆಂದು ಸಕ್ಕರೆ, ಚಕ್ಕೆಪುಡಿ ಎಲ್ಲ ಬೆರೆಸಿ, ಇನ್ನೂ ನೀರು ಸೋಕಿಸದೆ ಇಟ್ಟದ್ದು. ನಾನು ಬೋಗುಣಿ ಎಳೆದೆ. ಮನೆಗೆ ಬಂದವಳಿಂದ ಕೆಲಸ ಮಾಡಿಸುವುದೇ ಎನ್ನುವ ಹಾಗೆ ಅವಳೂ ಎಳೆದಳು. ಅಷ್ಟರಲ್ಲಿ ಭವ್ಯ ಓಡಿಬಂದು ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಹೆಲ್ಗಮ್ಮ ಕೇಳಿ, ಕುರ್ಚಿ ಹಿಡಿದುಕೊಂಡು ನಕ್ಕಳು.

"ಏನಂತೆ?" ಎಂದೆ.

"ಅವರಿಗೂ ದಿನಾ ಕೇಕ್ ಮಾಡಿ ಮಾಡಿ ಸಾಕಾಗಿದೆಯಂತೆ ಅಜ್ಜಿ. ಡಬ್ಬಿ ತುಂಬಿ ಬಂದ ಮೇಲೆ ಸುಮ್ಮನೆ ಇಟ್ಕೊಳ್ಳೋದು ಹೇಗೆ ಅಂತ ಮಾಡ್ತಿದ್ರಂತೆ. ನೀವು ನಿಲ್ಲಿಸಿದ್ರೆ ಅವರೂ ನಿಲ್ಲಿಸ್ತಾರಂತೆ."

"ನಾನ್ಯಾಕವ್ವ ಮೊದ್ಲು ನಿಲ್ಸಲಿ? ಶುರು ಮಾಡಿದ್ದು ಅವ್ಳಲ್ವಾ?" ಎಂದೆ. ಭವ್ಯ ಇದನ್ನು ಹೇಳಲಿಲ್ಲ. ಆದರೆ ಹೆಲ್ಗಮ್ಮನಿಗೆ ನನ್ನ ಮುಖ ನೋಡಿಯೇ ತಿಳಿಯಿತು ಅನ್ನಿಸುತ್ತದೆ. ಬೋಗುಣಿಯ ಹಿಟ್ಟನ್ನೆಲ್ಲ ಅದೇ ಡಬ್ಬಿಗೆ ಸುರಿದು ಕೊಟ್ಟಳು.

ಚಕ್ಕೆ ಎಂದರೆ ನಮ್ಮಲ್ಲಿ ಕೋಳಿ ಸಾರಿಗೆ. ಮಾರನೆಯ ದಿನ ಕುದಿಯುವ ಎಸರಿಗೆ ಆ ಹಿಟ್ಟು ಬಿದ್ದಾಗ ಮುದ್ದೆಯಿಂದ ಬಂದ ವಾಸನೆಗೆ ಜಯಮ್ಮ ಮೂಗು ಮುಚ್ಚಿಕೊಂಡಳು. ಸಕ್ಕರೆಯಿಂದಾಗಿ ಮುದ್ದೆ ಕೋಲಿಗೆ ಅಂಟಿಕೊಂಡು ಬಂತು. ಇದಕ್ಕೆ ಉಪ್ಸಾರು ಹಾಕಿದರೆ ದೇವರೂ ಕ್ಷಮಿಸುವುದಿಲ್ಲ. ಊರಲ್ಲಿ ಹಟ ಮಾಡುವ ಮಕ್ಕಳಿಗೆ ಬಿಸಿ ಮುದ್ದೆಗೆ ಬೆಲ್ಲ ತುಪ್ಪ ಹಾಕಿ ಕೊಡುವುದುಂಟು; ಹಾಗೇ ಮಧ್ಯೆ ಗುಳಿ ಮಾಡಿ ಬೆಣ್ಣೆ ಇಟ್ಟು ಸಾಹುಕಾರನ ಮುಂದಿಟ್ಟೆ. ಅಗಿಯಬಾರದು, ನುಂಗಬೇಕು ಎಂದು ಭವ್ಯ ಹೇಳಿಕೊಟ್ಟಳು. ಅವನು ಅಗಿದ. ನುಂಗು ಸಾ, ನುಂಗು ಎಂದು ಜಯಮ್ಮ ಕೂಗಿದಳು. ಅವನು ಇನ್ನೂ ಅಗಿದ. ಮೇಲಿನ ಹಲ್ಲು ಕೆಳಗಿನ ಹಲ್ಲು ಕೂಡಿಕೊಂಡವು. ಕಣ್ಣು ದೊಡ್ಡವಾದವು. ಭವ್ಯ ನೀರಿನ ಲೋಟಕ್ಕೆ ಕೈ ಹಾಕಿದಳು.

"ಎದರ್ಬ್ಯಾಡ ಕಣವ್ವ," ಎಂದು ಜಯಮ್ಮ ಅವಳ ಬೆನ್ನು ಸವರಿದಳು. "ಬಾಯಿ ಅಂಟ್ಕಂಡದೆ. ಈಗ ಬ್ಯಾಡ ಅನ್ನಕ್ಕೂ ಆಗಕಿಲ್ಲ ಅವನ್ಗೆ."

ಬಾಯಿ ಬಿಡಿಸಿಕೊಂಡ ಮೇಲೆ ಅವನು ಬೇಡ ಎನ್ನಲಿಲ್ಲ. ಇನ್ನೊಂದು ಮುದ್ದೆ ಕೇಳಿದ. ಅದನ್ನೂ ಅಗಿದೇ ತಿಂದ. ನಮ್ಮ ಹಿಟ್ಟು ತರಿಸುತ್ತೇನೆ, ಆದರೆ ಹೀಗೇ ಸಕ್ಕರೆ ಚಕ್ಕೆ ಬೆರೆಸಿ ಕಳಿಸಿ ಎಂದನಂತೆ. ಭವ್ಯ ಸ್ಟಾಲಿನ ಹಿಂದೆ ಹೋಗಿ ಅತ್ತು ಬಂದು ನನ್ನನ್ನು ತಬ್ಬಿಕೊಂಡಳು. ರಾಗಿಗೆ ಚಕ್ಕೆ ಹಾಕಿಸಿದ ಪಾಪ ಯಾರ ತಲೆಗೆ ಎಂದು ಜಯಮ್ಮ ಕೇಳಿದಳು. ಹೆಲ್ಗಮ್ಮನ ತಲೆಗೆ ಎಂದೆ. ಶಾಲು ಮಾತ್ರ ನನಗೆ ಬಂತು.

ಮರುದಿನ ಬೆಳಗ್ಗೆ ಊರಿಗೆ ಹೊರಡಬೇಕು. ಡಬ್ಬಿ ನಮ್ಮ ಮನೆಯಲ್ಲೇ ಉಳಿದಿತ್ತು. ತೊಳೆದೆ, ಒರೆಸಿದೆ, ತುಂಬಲು ಏನಿದೆ ಎಂದು ಹುಡುಕಿದೆ. ಒಂದು ಚಿಟಿಕೆ ಹಿಟ್ಟಿಲ್ಲ. "ಗೋಡೆ ಮೇಲೆ ಇಟ್ಟು ಬನ್ನಿ ಅಜ್ಜಿ, ಕಾರು ಬಂತು," ಎಂದು ಭವ್ಯ ಅವಸರ ಮಾಡಿದಳು. ಖಾಲಿ ಇಟ್ಟು ಬರುವುದೆಂದರೆ ಸೋತ ಹಾಗೆ. ಏನಾದರೂ ಹಾಕಿ ಇಟ್ಟರೆ ಆ ಹೆಂಗಸು ಮತ್ತೆ ಒಲೆ ಹಚ್ಚುತ್ತಾಳೆ, ನಾನು ಅಲ್ಲಿರುವುದಿಲ್ಲ. ಎರಡು ನಿಮಿಷ ಯೋಚಿಸಿ, ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಬ್ಯಾಗಿನ ತಳಕ್ಕೆ ತಳ್ಳಿ ಜಿಪ್ ಎಳೆದೆ. ಹೊರಗೆ ಹೆಲ್ಗಮ್ಮ ಗೋಡೆಯ ಹತ್ತಿರ ಬಂದು ನಿಂತಿದ್ದಳು, ನನ್ನ ಕೈಯನ್ನೇ ನೋಡುತ್ತಾ. ನಾನು ಕಾರು ಹತ್ತಿ, ಗಾಜು ಇಳಿಸಿ, ಎರಡೂ ಖಾಲಿ ಕೈಗಳನ್ನು ಹೊರಗೆ ಹಾಕಿ, ಅವಳು ಮರೆಯಾಗುವವರೆಗೂ ಬೀಸಿದೆ.